ಉಸಿರು ಬಿಗಿ ಹಿಡಿಯಿರಿ: ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಹಿಂದಿನ ಕಥೆ

ನಾನು ಬಸವಾಪಟ್ಟಣದವನು. ನಮ್ಮೂರ ಕೋಟೆ, ಪಾಳೇಗಾರರ ಕಥೆ ಹೇಳಿ ಅಂತ ತುಂಬಾ ಜನ ಕೇಳ್ತಾ ಇದ್ದೀರಿ. ಅದನ್ನ ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ. ಇವತ್ತಿನ ಇತಿಹಾಸ ಒಂದು ಯಂತ್ರದ್ದು.

ನಮ್ಮ ಕಡೆ ಹೊಟ್ಟೆನೋವು ವಾರಗಟ್ಟಲೆ ಬಿಡಲಿಲ್ಲ ಅಂದ್ರೆ ಜನ ಚನ್ನಗಿರಿಗೋ ದಾವಣಗೆರೆಗೋ ಹೋಗ್ತಾರೆ. ವಾಪಸ್ ಬರುವಾಗ ಕೈಯಲ್ಲೊಂದು ಚೀಟಿ ಇರುತ್ತೆ: 'ಸಿ.ಟಿ. ಅಬ್ಡಾಮನ್, ಕಾಂಟ್ರಾಸ್ಟ್'. ಆ ಚೀಟಿ ನೇರವಾಗಿ ಬರೋದು ಮನೆಯಲ್ಲಿ ಮೊಬೈಲ್ ಹಿಡಿದು ಕೂತಿರೋ ನಿಮ್ಮ ಹತ್ರ. "ಇದೇನಂತೆ, ಸ್ವಲ್ಪ ನೋಡಪ್ಪ" ಅಂತಾರೆ ಅಜ್ಜ. ಮರುದಿನ ಅವರನ್ನ ಬಸ್ಸಿಗೆ ಹತ್ತಿಸಿಕೊಂಡು ಹೋಗೋರು ನೀವೇ. ಅಲ್ಲಿ ಫಾರಂ ತುಂಬೋರು, ಪ್ರಶ್ನೆಗೆ ಉತ್ತರ ಕೊಡೋರೂ ಬಹಳ ಸಲ ನೀವೇ. ಅದಕ್ಕೇ ಈ ಕಥೆ ನಿಮಗೆ ಬೇಕು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಾವು ಎಲ್ಲದಕ್ಕೂ 'ಸ್ಕ್ಯಾನಿಂಗ್' ಅಂತೀವಿ. ಹೊಟ್ಟೆ ಮೇಲೆ ಜೆಲ್ ಹಚ್ಚಿ ಮಾಡೋದು ಅಲ್ಟ್ರಾಸೌಂಡ್. ಅದು ಶಬ್ದದ ಅಲೆ, ಅದರಲ್ಲಿ ವಿಕಿರಣ ಇಲ್ಲ. ಟಕಟಕ ಅಂತ ಸದ್ದು ಮಾಡೋ ಉದ್ದದ ಕೊಳವೆ ಎಂ.ಆರ್.ಐ., ಅದು ಅಯಸ್ಕಾಂತ. ಸಿ.ಟಿ. ಅಂದ್ರೆ ದೊಡ್ಡ ಬಳೆಯಂಥ ಯಂತ್ರ. ಅದರೊಳಗೆ ಎಕ್ಸ್-ರೇ ಕೊಳವೆ ನಿಮ್ಮ ಸುತ್ತ ತಿರುಗುತ್ತೆ.

ಎಕ್ಸ್-ರೇ ಕಂಡುಹಿಡಿದಿದ್ದು 1895ರಲ್ಲಿ, ಜರ್ಮನಿಯ ರಾಂಟ್‌ಜನ್. ಅದರಲ್ಲಿ ಮೂಳೆ ಚೆನ್ನಾಗಿ ಕಾಣಿಸ್ತು. ಆದ್ರೆ ಹೊಟ್ಟೆ? ಪಿತ್ತಕೋಶ, ಮೇದೋಜೀರಕ, ಕರುಳು ಎಲ್ಲ ಒಂದರ ಮೇಲೊಂದು ಬಿದ್ದ ಬೂದು ನೆರಳು. ಮುಂದಿನ ಮುಕ್ಕಾಲು ಶತಮಾನ ಡಾಕ್ಟರಿಗೆ ಒಳಗಿನ ಗುಟ್ಟು ತಿಳೀಬೇಕು ಅಂದ್ರೆ ಎಷ್ಟೋ ಸಲ ಹೊಟ್ಟೆ ಕೊಯ್ದೇ ನೋಡಬೇಕಿತ್ತು.

ಇದನ್ನ ಬದಲಾಯಿಸಿದವರು ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಇಂಗ್ಲೆಂಡಿನ ಹಳ್ಳಿಯೊಂದರ ರೈತನ ಮಗ. ಅವರು ಡಾಕ್ಟರೂ ಅಲ್ಲ. ಕೆಲಸ ಮಾಡ್ತಿದ್ದಿದ್ದು ಇಎಂಐ ಅನ್ನೋ ಕಂಪನಿಯಲ್ಲಿ. ಮೊಬೈಲ್ ಕಂತಿನ ಇಎಂಐ ಅಲ್ಲ, ಬೀಟಲ್ಸ್ ಹಾಡುಗಳ ರೆಕಾರ್ಡ್ ಮಾರ್ತಿದ್ದ ಇಎಂಐ. ಬೀಟಲ್ಸ್ ದುಡ್ಡಿನಿಂದಲೇ ಸಿ.ಟಿ. ಹುಟ್ಟಿತು ಅನ್ನೋ ಕಥೆ ನೀವು ರೀಲ್ಸ್‌ನಲ್ಲಿ ನೋಡಿರಬಹುದು. ಕೇಳೋಕೆ ಚೆಂದ, ಆದ್ರೆ ಪೂರ್ತಿ ನಿಜ ಅಲ್ಲ. ಈ ಸಂಶೋಧನೆಗೆ ಕಂಪನಿಗಿಂತ ಹೆಚ್ಚು ಹಣ ಹಾಕಿದ್ದು ಬ್ರಿಟನ್ನಿನ ಆರೋಗ್ಯ ಇಲಾಖೆ. ಅಂದ್ರೆ ಜನರ ತೆರಿಗೆ ದುಡ್ಡು.

ಅವರ ಐಡಿಯಾ ಸರಳ. ಒಂದೇ ಕಡೆಯಿಂದ ಫೋಟೋ ತೆಗೆಯೋ ಬದಲು ಸುತ್ತಲೂ ಸಾವಿರಾರು ಸಲ ಅಳೆದು, ಕಂಪ್ಯೂಟರಿಗೆ ಲೆಕ್ಕ ಕೊಟ್ಟು, ಒಳಗಿನ ಒಂದು ಹೋಳಿನ ಚಿತ್ರ ಬಿಡಿಸೋದು. ಸೌತೆಕಾಯಿಯನ್ನ ಕೊಯ್ಯದೇನೇ ಅದರ ಬಿಲ್ಲೆ ನೋಡಿದ ಹಾಗೆ. ಪ್ರಯೋಗಾಲಯದಲ್ಲಿ ಮೊದಲ ಸಲ ಒಂದು ವಸ್ತುವನ್ನ ಹೀಗೆ ಅಳೆಯೋಕೆ 9 ದಿನ ಹಿಡೀತು! 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸ್ಕ್ಯಾನ್ ಆಯ್ತು. ಮೆದುಳಲ್ಲಿ ಗಡ್ಡೆ ಇರಬಹುದು ಅಂತ ಶಂಕೆ ಇದ್ದ ಒಬ್ಬ ಮಹಿಳೆ. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಇದರ ಗಣಿತ ಬಿಡಿಸಿದ ಅಲನ್ ಕಾರ್ಮ್ಯಾಕ್ ಇಬ್ಬರಿಗೂ ನೊಬೆಲ್ ಬಂತು.

ತಲೆ ಆಯ್ತು, ಹೊಟ್ಟೆ ಯಾಕೆ ತಡವಾಯ್ತು? ತಲೆಯನ್ನ ಅಲ್ಲಾಡದ ಹಾಗೆ ಇಡಬಹುದು. ಹೊಟ್ಟೆ ಸುಮ್ಮನಿರಲ್ಲ. ಉಸಿರಾಡಿದರೆ ಯಕೃತ್ತು ಮೇಲೆ ಕೆಳಗೆ ಹೋಗುತ್ತೆ, ಕರುಳು ತನ್ನ ಪಾಡಿಗೆ ತಾನು ಹೊರಳ್ತಾ ಇರುತ್ತೆ. ಆಗಿನ ಯಂತ್ರಕ್ಕೆ ಒಂದು ಸುತ್ತಿಗೆ ನಾಲ್ಕೈದು ನಿಮಿಷ ಬೇಕು. ಅಷ್ಟು ಹೊತ್ತು ಯಾರು ಉಸಿರು ಹಿಡೀತಾರೆ? ಇಡೀ ದೇಹದ ಮೊದಲ ಸ್ಕ್ಯಾನರನ್ನ ಅಮೆರಿಕದಲ್ಲಿ ರಾಬರ್ಟ್ ಲೆಡ್ಲಿ ಕಟ್ಟಿದರು, 1974ರ ಹೊತ್ತಿಗೆ ಅದು ಕೆಲಸಕ್ಕೆ ಬಂತು. ಮರುವರ್ಷ ಇಎಂಐ ಯಂತ್ರ ಒಂದು ಹೋಳಿನ ಸಮಯವನ್ನ 20 ಸೆಕೆಂಡಿಗೆ ಇಳಿಸಿತು. 1989ರಲ್ಲಿ ಮಂಚ ಸರೀತಾ ಇರುವಾಗಲೇ ಕೊಳವೆ ಸುತ್ತೋ ಸ್ಪೈರಲ್ ಸಿ.ಟಿ. ಬಂತು. ಈಗ ಇಡೀ ಹೊಟ್ಟೆಗೆ ಕೆಲವೇ ಸೆಕೆಂಡು ಸಾಕು.

ಹಾಗಾಗಿ ಒಳಗೆ ಸ್ಪೀಕರ್‌ನಲ್ಲಿ "ಉಸಿರು ಬಿಗಿ ಹಿಡಿಯಿರಿ" ಅಂದಾಗ ಅದು ಶಾಸ್ತ್ರಕ್ಕೆ ಹೇಳೋ ಮಾತಲ್ಲ. ಆ ಕೆಲವು ಸೆಕೆಂಡಿಗೋಸ್ಕರ ಎಂಜಿನಿಯರುಗಳು ವರ್ಷಗಟ್ಟಲೆ ಒದ್ದಾಡಿದ್ದಾರೆ. ಅಜ್ಜನಿಗೆ ಕಿವಿ ಮಂದ ಇದ್ರೆ ಮನೇಲೇ ಎರಡು ಸಲ ಉಸಿರು ಹಿಡಿಸಿ ಅಭ್ಯಾಸ ಮಾಡಿಸಿ. ಚಿತ್ರ ಕದಡಿದರೆ ಮತ್ತೆ ಸ್ಕ್ಯಾನ್ ಮಾಡಬೇಕಾಗುತ್ತೆ, ಇನ್ನೊಂದು ಡೋಸ್ ವಿಕಿರಣ.

ಈಗ ಆ 'ಕಾಂಟ್ರಾಸ್ಟ್' ಅನ್ನೋ ಪದಕ್ಕೆ ಬರೋಣ. ರಕ್ತನಾಳಕ್ಕೆ ಕೊಡೋ ಅಯೋಡಿನ್ ಇರುವ ಔಷಧಿ ಅದು. ಅಯೋಡಿನ್ ಎಕ್ಸ್-ರೇಯನ್ನ ತಡೆಯುತ್ತೆ, ಹಾಗಾಗಿ ರಕ್ತ ಹರಿಯೋ ಜಾಗ ಬೆಳ್ಳಗೆ ಹೊಳೆಯುತ್ತೆ. ಇದು ಗೊತ್ತಾಗಿದ್ದು ಆಕಸ್ಮಿಕವಾಗಿ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸಿಫಿಲಿಸ್ ರೋಗಿಗಳಿಗೆ ಸೋಡಿಯಂ ಅಯೋಡೈಡ್ ಕೊಡ್ತಿದ್ರು. ಅವರ ಮೂತ್ರಕೋಶ ಎಕ್ಸ್-ರೇಯಲ್ಲಿ ಎದ್ದು ಕಾಣೋದನ್ನ ಅಲ್ಲಿನ ವೈದ್ಯರು 1923ರಲ್ಲಿ ವರದಿ ಮಾಡಿದರು.

ಆದ್ರೆ ಹಳೇ ಔಷಧಿಗಳು ರಕ್ತಕ್ಕಿಂತ ಹಲವು ಪಟ್ಟು ಗಾಢ. ಚುಚ್ಚಿದ ಕೂಡಲೇ ಉರಿ, ನೋವು, ವಾಂತಿ. ಸ್ವೀಡನ್ನಿನ ವೈದ್ಯ ಟೋರ್‌ಸ್ಟೆನ್ ಆಲ್ಮೆನ್ ಈಜುವಾಗ ಒಂದು ವಿಷಯ ಗಮನಿಸಿದ್ರು: ಉಪ್ಪು ಹೆಚ್ಚಿರೋ ಸಮುದ್ರದಲ್ಲಿ ಕಣ್ಣು ಉರಿಯುತ್ತೆ, ಉಪ್ಪು ಕಡಿಮೆ ಇರೋ ಕಡೆ ಉರಿಯಲ್ಲ. ಔಷಧಿಯೂ ಹಾಗೇ ಇರಬಹುದಲ್ವಾ? 1969ರಲ್ಲಿ ಅವರು ಈ ವಾದವನ್ನ ಪ್ರಕಟಿಸಿದರು. ಅದರಿಂದ ಹುಟ್ಟಿದ ಸೌಮ್ಯ ಔಷಧಿಗಳೇ ಇವತ್ತು ಬಳಕೆಯಲ್ಲಿರೋದು. ಈಗ ಮೈಯೆಲ್ಲ ಬಿಸಿಯಾದ ಹಾಗೆ, ಬಾಯಲ್ಲಿ ಲೋಹದ ರುಚಿ ಬಂದ ಹಾಗೆ, ಮೂತ್ರ ಹೋಯ್ತೇನೋ ಅನ್ನೋ ಹಾಗೆ ಅನಿಸಬಹುದು. ಸ್ವಲ್ಪ ಹೊತ್ತಿನಲ್ಲೇ ಹೋಗುತ್ತೆ, ಹೆದರಬೇಡಿ. ಕೈಯಲ್ಲಿ ಸೂಜಿ ಚುಚ್ಚಿದ ಜಾಗ ಊದಿ ನೋಯ್ತಾ ಇದ್ರೆ ಮಾತ್ರ ತಕ್ಷಣ ಕೂಗಿ ಹೇಳಬೇಕು.

ಇಲ್ಲೇ ಒಂದು ಹಳೇ ಪದ್ಧತಿ ಉಳಿದುಕೊಂಡಿದೆ: ಖಾಲಿ ಹೊಟ್ಟೆ. ವಾಂತಿಯ ಭಯಕ್ಕೆ ಬಂದ ನಿಯಮ ಅದು. ಈಗಿನ ಔಷಧಿಗೆ ಉಪವಾಸದ ಅಗತ್ಯವಿಲ್ಲ ಅಂತ ಯುರೋಪಿನ ತಜ್ಞರ ಮಾರ್ಗಸೂಚಿಯೇ ಹೇಳುತ್ತೆ. ಆದ್ರೂ ಎಷ್ಟೋ ಕಡೆ ಕೆಲವು ಗಂಟೆ ಏನೂ ತಿನ್ನಬೇಡಿ ಅಂತಾರೆ. ನೀವಾಗೇ ನಿಯಮ ಮುರಿಯಬೇಡಿ. ಎಷ್ಟು ಗಂಟೆ, ನೀರು ಕುಡಿಯಬಹುದಾ ಅಂತ ಫೋನ್ ಮಾಡಿ ಕೇಳಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಸಕ್ಕರೆ ಕಾಯಿಲೆ ಇರೋ ಅಜ್ಜಿ ಬೆಳಗಿನ ಮೊದಲ ಬಸ್ಸಿಗೆ ಏನೂ ತಿನ್ನದೆ ಹೊರಡ್ತಾರೆ. ಅಭ್ಯಾಸಬಲದಿಂದ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತಗೊಂಡಿರ್ತಾರೆ. ದಾವಣಗೆರೆಯಲ್ಲಿ ಸರದಿ ಬರೋ ಹೊತ್ತಿಗೆ ಮಧ್ಯಾಹ್ನ. ಸಕ್ಕರೆ ಕುಸಿದು, ಬೆವತು, ತಲೆ ಸುತ್ತಿ ಬೀಳೋ ಅಪಾಯ ಇಲ್ಲಿದೆ. ಸಕ್ಕರೆ ಕಾಯಿಲೆ ಇದೆ ಅಂತ ಮೊದಲೇ ಹೇಳಿ ಬೆಳಗಿನ ಸರದಿ ಕೇಳಿ. ಮಾತ್ರೆ ಬಗ್ಗೆ ಡಾಕ್ಟರನ್ನ ಕೇಳಿ. ಅದರಲ್ಲೂ ಮೆಟ್‌ಫಾರ್ಮಿನ್ ತಗೊಳ್ತಿದ್ದು ಕಿಡ್ನಿ ತೊಂದರೆಯೂ ಇದ್ರೆ ಬಿಡದೆ ತಿಳಿಸಿ.

ಕಾಂಟ್ರಾಸ್ಟ್ ಹೊರಹೋಗೋದು ಕಿಡ್ನಿ ಮೂಲಕ. ಅದಕ್ಕೇ ಮೊದಲು ಕ್ರಿಯಾಟಿನಿನ್ ಅನ್ನೋ ರಕ್ತಪರೀಕ್ಷೆ ಕೇಳ್ತಾರೆ. "ಸುಮ್ನೆ ದುಡ್ಡು ಕೀಳೋಕೆ" ಅಂತ ಅಂದುಕೊಳ್ಳಬೇಡಿ. ಹಿಂದೆ ಇಂಥ ಇಂಜೆಕ್ಷನ್‌ಗೆ ಮೈ ತುರಿಕೆ, ಉಬ್ಬಸ ಆಗಿದ್ರೆ, ಆಸ್ತಮಾ ಇದ್ರೆ ಮುಚ್ಚಿಡಬೇಡಿ. ತೀವ್ರ ಅಲರ್ಜಿ ಅಪರೂಪ. ಆದ್ರೆ ಬಂದರೆ ಬಹುಪಾಲು ಮೊದಲ ಅರ್ಧ ಗಂಟೆಯೊಳಗೆ ಬರುತ್ತೆ. ಊರ ಬಸ್ ತಪ್ಪುತ್ತೆ ಅಂತ ಓಡಬೇಡಿ, ಅಲ್ಲೇ ಕೂತಿರಿ.

ಕೊನೆಯದು ವಿಕಿರಣ. ನೆಲ, ಗಾಳಿ, ಆಕಾಶದಿಂದ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಸಿಗುತ್ತೆ. ಹೊಟ್ಟೆಯ ಒಂದು ಸಿ.ಟಿ. ಸುಮಾರು 8ರಿಂದ 10, ಅಂದ್ರೆ ಮೂರ್ನಾಲ್ಕು ವರ್ಷದ್ದು ಒಂದೇ ಸಲ. ಸ್ಕ್ಯಾನ್ ಮುಗಿದ ಮೇಲೆ ಮೈಯಲ್ಲಿ ಏನೂ ಉಳಿಯಲ್ಲ, ಮಗುವನ್ನ ಎತ್ತಿಕೊಳ್ಳಬಹುದು. ಒಬ್ಬೊಬ್ಬರಿಗೆ ಅಪಾಯ ತೀರಾ ಸಣ್ಣದು, ಆದ್ರೆ ಸೊನ್ನೆ ಅಲ್ಲ. ಮಕ್ಕಳಿಗೆ ದೊಡ್ಡವರ ಡೋಸ್ ಕೊಡಬೇಡಿ ಅಂತ ರೇಡಿಯಾಲಜಿ ವೈದ್ಯರೇ 2008ರಲ್ಲಿ ಅಮೆರಿಕದಲ್ಲಿ ಅಭಿಯಾನ ಶುರು ಮಾಡಿದರು. ನಿಮ್ಮ ಪ್ರಶ್ನೆ ಇದು: "ಡಾಕ್ಟ್ರೇ, ಇದೇ ಉತ್ತರ ಅಲ್ಟ್ರಾಸೌಂಡ್‌ನಲ್ಲಿ ಸಿಗುತ್ತಾ?" ಕೆಲವು ಸಲ ಸಿಗುತ್ತೆ. ಅಪಘಾತ, ಕರುಳು ಕಟ್ಟಿಕೊಂಡಿರೋದು, ಗಡ್ಡೆಯ ಶಂಕೆ ಇದ್ದಾಗ ಸಿ.ಟಿ.ಯೇ ಬೇಕು. ಆಗ ವಿಕಿರಣದ ಹೆದರಿಕೆಗೆ ತಪ್ಪಿಸಿಕೊಂಡರೆ ಅಪಾಯ ಇನ್ನೂ ದೊಡ್ಡದು. ಗರ್ಭಿಣಿ ಇರಬಹುದು ಅನ್ನೋ ಅನುಮಾನ ಇದ್ರೂ ಹೇಳಲೇಬೇಕು. ಅತ್ತೆ, ಮಾವನ ಎದುರು ಹೇಳೋಕೆ ಸಂಕೋಚ ಇರುತ್ತೆ. ಹಾಗಾಗಿ ಅವರು ಸಿಬ್ಬಂದಿ ಹತ್ರ ಒಬ್ಬರೇ ಮಾತಾಡೋ ಹಾಗೆ ನೋಡಿಕೊಳ್ಳಿ.

ಜನರ ದುಡ್ಡಿನಿಂದ ಬೆಳೆದ ಯಂತ್ರ ಅಂದೆನಲ್ಲ. ನಮ್ಮಲ್ಲೂ 2015ರ ಉಚಿತ ರೋಗಪತ್ತೆ ಯೋಜನೆ ಜಿಲ್ಲಾ ಆಸ್ಪತ್ರೆಗಳ ಸಿ.ಟಿ.ಯನ್ನ ಒಳಗೊಂಡಿತ್ತು. ಹಾಗಾಗಿ ಸಾಲ ಮಾಡೋ ಮುಂಚೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ. ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ. ಹಳೇ ಫಿಲ್ಮು, ಸಿ.ಡಿ., ರಿಪೋರ್ಟು ಒಯ್ಯಿರಿ. ಹಳೇದರ ಜೊತೆ ಹೋಲಿಸಿದಾಗಲೇ ಹೊಸದರ ಅರ್ಥ ಆಗೋದು, ಎಷ್ಟೋ ಸಲ ಇನ್ನೊಂದು ಸ್ಕ್ಯಾನೇ ತಪ್ಪುತ್ತೆ.

ಮನೆಯ ವಾಟ್ಸಾಪ್ ಗ್ರೂಪಿಗೆ ಇದನ್ನ ಕಳಿಸಿ. ಯಾರ ಕೈಯಲ್ಲಿ ಆ ಚೀಟಿ ಇದೆಯೋ, ಅವರ ಪಕ್ಕ ಕೂತು ಕೇಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.