ಮೊಲೊಕಾಯ್ ದ್ವೀಪದ ಪಾದ್ರಿ ಡೇಮಿಯನ್ನರು

ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನಮ್ಮಂಥವರಿಗೆ ‘ನೀತಿ’ಯೆಂದೊಡನೆ ಭರ್ತೃಹರಿಯ ಶತಕವು ನೆನಪಿಗೆ ಬರುವುದು. ಕಂಠಪಾಠ ಮಾಡಿ, ಅನ್ವಯ ಹೇಳಿ, ಪರೀಕ್ಷೆಯಲ್ಲಿ ಬರೆದು ಮುಗಿಸಿದ ನೀತಿ ಅದು. ಕನ್ನಡ ಬೈಬಲ್ಲಿನಲ್ಲಿಯೂ ಇದೇ ಶಬ್ದವುಂಟು. ಆದರೆ ಅಲ್ಲಿ ಅದರ ಅರ್ಥವ್ಯಾಪ್ತಿಯು ಬೇರೆ. ಮನುಷ್ಯನು ದೇವರ ಎದುರಿನಲ್ಲಿ ನೆಟ್ಟಗೆ ನಿಲ್ಲಬಲ್ಲವನಾಗಿರುವ ಸ್ಥಿತಿಗೆ ಅಲ್ಲಿ ನೀತಿಯೆಂದು ಹೆಸರು. ಆ ಸ್ಥಿತಿಯು ಹೇಗೆ ಪ್ರಾಪ್ತವಾಗುವುದೆಂಬ ವಿಷಯದಲ್ಲಿ ಕ್ರೈಸ್ತ ಪಂಡಿತರೊಳಗೆ ಶತಮಾನಗಳ ವಾದವು ನಡೆದಿದೆ. ಆ ವಾದದಲ್ಲಿ ಪ್ರವೇಶಿಸುವ ಅಧಿಕಾರವು ಈ ಲೇಖಕನಿಗಿಲ್ಲ. ಒಬ್ಬ ಮನುಷ್ಯನ ಬಾಳಿನಲ್ಲಿ ಆ ನೀತಿಯು ಯಾವ ರೂಪವನ್ನು ತಾಳಿತೆಂಬುದನ್ನು ಮಾತ್ರ ವಾಚಕರ ಮುಂದಿಡಲು ಯತ್ನಿಸುವೆನು.

ಮೋಶೆಯ ಧರ್ಮಶಾಸ್ತ್ರದಲ್ಲಿ ಕುಷ್ಠಿಯು ಅಶುದ್ಧನು. ಪಾಳೆಯದ ಹೊರಗೆ ಒಂಟಿಯಾಗಿ ವಾಸಮಾಡತಕ್ಕವನು. ಶುದ್ಧಿಯನ್ನು ಕಾಪಾಡಿಕೊಳ್ಳುವುದೇ ಆ ಕಾಲದಲ್ಲಿ ನೀತಿಯ ಒಂದು ಮುಖ್ಯ ಲಕ್ಷಣವಾಗಿತ್ತು. ಸುವಾರ್ತೆಗಳಲ್ಲಿಯಾದರೋ ಯೇಸುಸ್ವಾಮಿಯು ಕೈನೀಡಿ ಕುಷ್ಠಿಯನ್ನು ಮುಟ್ಟಿದ ಪ್ರಸಂಗವಿದೆ. ಅಂತ್ಯನ್ಯಾಯವನ್ನು ಕುರಿತ ಉಪದೇಶದಲ್ಲಿ, ಹಸಿದವರಿಗೆ ಅನ್ನವಿಟ್ಟವರೂ ರೋಗಿಗಳನ್ನು ಆರೈಕೆಮಾಡಿದವರೂ ನೀತಿವಂತರೆಂದು ಎಣಿಸಲ್ಪಡುವರು. ತಾವು ಅಂಥದೇನನ್ನು ಮಾಡಿದೆವೆಂಬುದು ಅವರಿಗೇ ತಿಳಿದಿರುವುದಿಲ್ಲ. ಈ ಎರಡು ಪ್ರಸಂಗಗಳನ್ನು ಓದಿದವರು ಅಸಂಖ್ಯರು. ಓದಿದುದನ್ನು ಅಕ್ಷರಶಃ ನಡೆದವರಲ್ಲಿ ಪಾದ್ರಿ ಡೇಮಿಯನ್ನರು ಒಬ್ಬರು.

ಶಾಂತಸಾಗರದ ನಡುವಣ ಹವಾಯಿ ದ್ವೀಪಗಳು ಆಗ ಸ್ವತಂತ್ರ ರಾಜ್ಯವಾಗಿದ್ದುವು. ಹೊರನಾಡಿನ ಹಡಗುಗಳೊಡನೆ ಬಂದ ಅನೇಕ ವ್ಯಾಧಿಗಳಿಂದ ಮೂಲನಿವಾಸಿಗಳ ಸಂಖ್ಯೆಯು ಕುಗ್ಗುತ್ತ ಬಂದಿತ್ತು. ಕುಷ್ಠವೂ ಹರಡಲಾಗಿ, 1865ರಲ್ಲಿ ರೋಗಿಗಳನ್ನು ಪ್ರತ್ಯೇಕಿಸುವ ಶಾಸನವೊಂದು ಹೊರಟಿತು. ಮರುವರ್ಷ ಜನವರಿಯಲ್ಲಿ ಮೊದಲನೆಯ ತಂಡದ ರೋಗಿಗಳನ್ನು ಮೊಲೊಕಾಯ್ ದ್ವೀಪದ ಒಂದು ಚಾಚುಭೂಮಿಗೆ ಸಾಗಿಸಿದರು. ಅದರ ಮೂರು ಕಡೆ ಕಡಲು; ನಾಲ್ಕನೆಯ ಕಡೆ ಕಡಿದಾದ ಎತ್ತರದ ಬೆಟ್ಟದ ಗೋಡೆ. ಕಾವಲಿನವರು ಬೇಕಾಗದ ಸೆರೆಮನೆಯನ್ನು ಪ್ರಕೃತಿಯೇ ಕಟ್ಟಿಟ್ಟಂತಿತ್ತು. ಗಂಡನಿಂದ ಹೆಂಡತಿಯನ್ನೂ ತಾಯಿಯಿಂದ ಮಗುವನ್ನೂ ಅಗಲಿಸಿ ಅಲ್ಲಿಗೆ ಕಳುಹಿಸಿದರು. ಈ ಪದ್ಧತಿಯು 1969ರಲ್ಲಿ ನಿಲ್ಲುವವರೆಗೆ ಅಲ್ಲಿಗೆ ಹೋದವರು ಸುಮಾರು 8000 ಮಂದಿ.

ಡೇಮಿಯನ್ನರ ಹುಟ್ಟುಹೆಸರು ಜೋಸೆಫ್ ಡಿ ವ್ಯೂಸ್ಟರ್. ಬೆಲ್ಜಿಯಮ್ ದೇಶದ ಟ್ರೆಮೆಲೊ ಎಂಬ ಹಳ್ಳಿಯ ಒಕ್ಕಲಮನೆಯಲ್ಲಿ 1840ರ ಜನವರಿ 3ರಂದು ಜನಿಸಿದರು. ಹವಾಯಿಗೆ ಹೊರಡಬೇಕಾಗಿದ್ದವರು ಅವರಲ್ಲ, ಅವರ ಅಣ್ಣ. ಅಣ್ಣನು ಕಾಯಿಲೆ ಬಿದ್ದುದರಿಂದ ತಮ್ಮನು ಆ ಸ್ಥಾನವನ್ನು ಬೇಡಿ ಪಡೆದು, 1864ರ ಮಾರ್ಚಿಯಲ್ಲಿ ಹೊನೊಲುಲು ಬಂದರನ್ನು ಮುಟ್ಟಿದನು. ಅದೇ ವರ್ಷ ಮೇ ತಿಂಗಳಿನಲ್ಲಿ ಗುರುದೀಕ್ಷೆಯಾಯಿತು. ಒಂಬತ್ತು ವರ್ಷ ಹಳ್ಳಿಗಳನ್ನು ಸುತ್ತಿದ ಮೇಲೆ, ಮೊಲೊಕಾಯಿಗೆ ಸರದಿಯ ಮೇಲೆ ಹೋಗಲು ಯಾರು ಸಿದ್ಧರೆಂದು ಬಿಷಪ್ಪರು ಕೇಳಿದಾಗ ಮುಂದೆ ಬಂದ ನಾಲ್ವರಲ್ಲಿ ಡೇಮಿಯನ್ನರಿಗೆ ಮೊದಲ ಸರದಿ. 1873ರ ಮೇ 10ರಂದು ಅಲ್ಲಿ ಇಳಿದರು. ಆಗ ಅವರಿಗೆ ಮೂವತ್ತಮೂರು ವರ್ಷ. ಆ ಸರದಿಯು ಸಾಯುವವರೆಗೂ ಮುಗಿಯಲಿಲ್ಲ.

ಇಳಿದ ಹೊಸದರಲ್ಲಿ ಅವರು ಮಲಗಿದುದು ಒಂದು ಕೇದಗೆಯ ಜಾತಿಯ ಮರದಡಿಯಲ್ಲಿ. ರೋಗಿಗಳ ಗುಡಿಸಲುಗಳು ಗಾಳಿಗೆ ಹಾರುವಂಥವು; ನೀರನ್ನು ದೂರದಿಂದ ಹೊತ್ತು ತರಬೇಕು; ಸತ್ತವರಿಗೆ ಸರಿಯಾದ ಹೂಳುವಿಕೆಯೂ ಇಲ್ಲ. ಡೇಮಿಯನ್ನರು ಒಕ್ಕಲಮಗನಾದುದರಿಂದ ಗುದ್ದಲಿ ಸುತ್ತಿಗೆಗಳು ಅವರ ಕೈಗೆ ಹೊಸವಾಗಿರಲಿಲ್ಲ. ಮನೆಗಳನ್ನು ಕಟ್ಟಿದರು, ನೀರಿನ ಕೊಳವೆಗಳನ್ನು ಹಾಕಿಸಿದರು, ಅನಾಥ ಬಾಲಕಬಾಲಿಕೆಯರಿಗೆ ಆಶ್ರಯವನ್ನು ಏರ್ಪಡಿಸಿದರು, ಇಗರ್ಜಿಯನ್ನು ವಿಸ್ತರಿಸಿದರು. ವ್ರಣಗಳನ್ನು ತಾವೇ ತೊಳೆದು ಕಟ್ಟಿದರು. ಶವಪೆಟ್ಟಿಗೆಗಳನ್ನು ತಾವೇ ಮಾಡಿ, ಕುಳಿಯನ್ನೂ ತಾವೇ ತೋಡಿದರು. ರೋಗಿಗಳು ಕೈಯಿಟ್ಟ ಪಾತ್ರೆಯಲ್ಲಿಯೇ ಉಂಡರು.

ಇಲ್ಲಿ ವ್ಯಾಕರಣದ ಉಪಾಧ್ಯಾಯನೊಬ್ಬನ ಕಣ್ಣಿಗೆ ಬೀಳುವ ಸಂಗತಿಯೊಂದಿದೆ. ಅವರು ಬೋಧಿಸುವಾಗ ಸಭಿಕರನ್ನು ‘ಸಹೋದರರೇ’ ಎಂದು ಸಂಬೋಧಿಸುವ ರೂಢಿಯನ್ನು ಬಿಟ್ಟು, ಕುಷ್ಠಿಗಳಾದ ‘ನಾವು’ ಎಂದೇ ಹೇಳುತ್ತಿದ್ದರು. ಇದು ಅವರ ಮೈ ಇನ್ನೂ ನಿರೋಗಿಯಾಗಿದ್ದ ಮೊದಲ ವರ್ಷದಲ್ಲಿಯೇ. ಶಾಸನವು ರೋಗಿಗಳನ್ನು ಪ್ರಥಮಪುರುಷದಲ್ಲಿ ‘ಅವರು’ ಎಂದಿತು. ದಯಾಳುಗಳು ಮಧ್ಯಮಪುರುಷದಲ್ಲಿ ‘ನೀವು’ ಎಂದರು. ಡೇಮಿಯನ್ನರು ಉತ್ತಮಪುರುಷ ಬಹುವಚನವನ್ನು ಹಿಡಿದರು. ಹನ್ನೊಂದು ವರ್ಷಗಳ ತರುವಾಯ ಆ ಮಾತು ಅಕ್ಷರಶಃ ನಿಜವಾಯಿತು. 1884ರ ಕೊನೆಯಲ್ಲಿ ಅವರು ಕಾಲನ್ನು ಬಿಸಿನೀರಿನಲ್ಲಿಟ್ಟಾಗ ಚರ್ಮವು ಸುಟ್ಟರೂ ನೋವು ತಿಳಿಯಲಿಲ್ಲವಂತೆ. ಮುಂದಿನ ವರ್ಷ ವೈದ್ಯರು ರೋಗವನ್ನು ಖಚಿತಪಡಿಸಿದರು. ಆ ಮೇಲೆಯೂ ಕೆಲಸವನ್ನು ಬಿಡದೆ, 1889ರ ಏಪ್ರಿಲ್ 15ರಂದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ದೇಹಬಿಟ್ಟರು.

ಮಹಾತ್ಮರ ಚರಿತ್ರೆಯನ್ನು ಇಲ್ಲಿಗೇ ನಿಲ್ಲಿಸುವುದು ವಾಡಿಕೆ. ಆದರೆ ಸತ್ಯವು ಇನ್ನೂ ಸ್ವಲ್ಪ ಉಳಿದಿದೆ. ಅವರು ಸತ್ತ ಕೆಲವು ತಿಂಗಳಲ್ಲಿಯೇ ಹೊನೊಲುಲುವಿನ ಪ್ರಾಟೆಸ್ಟಂಟ್ ಪಾದ್ರಿ ಡಾಕ್ಟರ್ ಹೈಡ್ ಎಂಬವರು ಮಿತ್ರರೊಬ್ಬರಿಗೆ ಬರೆದ ಕಾಗದವು ಅಚ್ಚಾಯಿತು. ಡೇಮಿಯನ್ನರು ಒರಟರು, ಕೊಳಕರು, ಹಟಮಾರಿಗಳು ಎಂಬುದು ಅದರ ಸಾರ. ಶೀಲದ ಮೇಲೆಯೂ ಆಕ್ಷೇಪವಿತ್ತು. ಇದಕ್ಕೆ ಉತ್ತರ ಕೊಟ್ಟವರು ಡೇಮಿಯನ್ನರ ಮತದವರಲ್ಲ. ಪ್ರೆಸ್ಬಿಟೀರಿಯನ್ ಮನೆತನದ ಸ್ಕಾಟಿಷ್ ಸಾಹಿತಿ ರಾಬರ್ಟ್ ಲೂಯಿ ಸ್ಟೀವನ್‌ಸನ್ನರು. ಡೇಮಿಯನ್ನರು ತೀರಿದ ಮರುತಿಂಗಳು ಆ ವಸತಿಗೆ ಹೋಗಿ ಕೆಲವು ದಿನವಿದ್ದು ವಿಚಾರಿಸಿದ್ದ ಅವರು, 1890ರ ಫೆಬ್ರವರಿಯಲ್ಲಿ ಸಿಡ್ನಿ ನಗರದಿಂದ ಬಹಿರಂಗ ಪತ್ರವೊಂದನ್ನು ಬರೆದರು. ಒರಟುತನವನ್ನೂ ಕೊಳಕನ್ನೂ ಹಟವನ್ನೂ ಅವರು ಅಲ್ಲಗಳೆಯಲಿಲ್ಲ. ಶೀಲದ ಮೇಲಿನ ಅಪವಾದವನ್ನು ತಿರಸ್ಕರಿಸಿದರು. ಉಳಿದವರು ಅನುಕೂಲವಾದ ಮನೆಗಳಲ್ಲಿ ಇದ್ದಾಗ ಹೋಗಿ ನಿಂತವನು ಈ ಒರಟನೇ ಎಂಬುದು ಅವರ ವಾದ. ಲೇಖಕನ ಅಲ್ಪಮತಿಗೆ ಇದು ಯುಕ್ತವಾಗಿ ತೋರುವುದು. ದೋಷವಿಲ್ಲದವನು ಬರಲೆಂದು ಕಾಯುವ ಪಕ್ಷದಲ್ಲಿ ರೋಗಿಯ ಹುಣ್ಣನ್ನು ತೊಳೆಯುವವರು ಯಾರೂ ದೊರೆಯರು.

ಸೇವೆಗೆ ರೋಗವನ್ನು ತಂದುಕೊಳ್ಳುವುದೇ ಪ್ರಮಾಣವೆಂದೂ ಯಾರೂ ತಿಳಿಯಬಾರದು. 1888ರಲ್ಲಿ ಅಲ್ಲಿಗೆ ಬಂದ ಸನ್ಯಾಸಿನಿ ಮೇರಿಯಾನ್ ಕೋಪರು ಕೈತೊಳೆಯುವ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ, 1918ರಲ್ಲಿ ದೈವಾಧೀನರಾಗುವವರೆಗೆ ಅದೇ ರೋಗಿಗಳ ನಡುವೆ ನಿರೋಗಿಯಾಗಿಯೇ ದುಡಿದರು. ಡೇಮಿಯನ್ನರು ದ್ವೀಪಕ್ಕೆ ಇಳಿದ 1873ರಲ್ಲಿಯೇ ನಾರ್ವೆ ದೇಶದ ವೈದ್ಯ ಹ್ಯಾನ್ಸನ್ನರು ಈ ರೋಗದ ಕ್ರಿಮಿಯನ್ನು ಕಂಡುಹಿಡಿದರು. ಬಹುಪಾಲು ಮನುಷ್ಯರಿಗೆ ಇದು ಅಂಟುವುದೇ ಇಲ್ಲವೆಂದೂ, ಔಷಧದಿಂದ ಪೂರ್ಣ ಗುಣವಾಗುವುದೆಂದೂ ಇಂದು ನಾವು ಬಲ್ಲೆವು. ರೋಮಿನ ಸಭೆಯು ಡೇಮಿಯನ್ನರನ್ನು 2009ರಲ್ಲಿಯೂ ಮೇರಿಯಾನರನ್ನು 2012ರಲ್ಲಿಯೂ ಸಂತರೆಂದು ಸಾರಿತು. ಡೇಮಿಯನ್ನರ ದೇಹಾವಶೇಷವನ್ನು 1936ರಲ್ಲಿ ಬೆಲ್ಜಿಯಮ್ಮಿಗೆ ಒಯ್ದಿದ್ದರು. 1995ರಲ್ಲಿ ಬಲಗೈಯ ಅವಶೇಷವು ಮಾತ್ರ ಮೊಲೊಕಾಯಿಯ ಹಳೆಯ ಸಮಾಧಿಗೆ ಹಿಂದಿರುಗಿತು. ಹುಣ್ಣು ಕಟ್ಟಿದ ಕೈ ತನ್ನವರ ಬಳಿಗೆ ಮರಳಿತು.

ನಮ್ಮ ನಾಡಿಗೂ ಈ ದೀಪದ ಬೆಳಕು ಹೊಸತಲ್ಲ. ಡೇಮಿಯನ್ನರು ತೀರಿದ ಮರುವರ್ಷ, 1890ರಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಪಾದ್ರಿ ಆಗಸ್ಟಸ್ ಮುಲ್ಲರರು ಕುಷ್ಠಿಗಳಿಗೆ ಆಶ್ರಯವನ್ನು ಕಲ್ಪಿಸಿದರು. ಸಕಲ ಪ್ರಾಣಿಗಳ ದುಃಖವನ್ನು ತಾನೇ ಅನುಭವಿಸಬೇಕೆಂದು ಬಯಸಿದ ರಂತಿದೇವನ ಕಥೆಯನ್ನು ಭಾಗವತದಲ್ಲಿ ಓದಿದ ನಮಗೆ ಈ ಭಾವವು ಪರಕೀಯವಲ್ಲ. ಆದರೂ ಭರತಖಂಡದಲ್ಲಿ 1898ರ ಕುಷ್ಠಿಗಳ ಕಾನೂನು ರದ್ದಾದುದು 2016ರಲ್ಲಿ. ಕುಷ್ಠವು ವಿವಾಹವಿಚ್ಛೇದಕ್ಕೆ ಕಾರಣವಾಗಬಹುದೆಂಬ ವಿಧಿಯು ಅಳಿದುದು 2019ರಲ್ಲಿ.

ಅನ್ಯರನ್ನು ಏಕೆ ದೂರಲಿ? ನಾನು ಉಪಾಧ್ಯಾಯನಾಗಿ ಸೇರಿದ ಹೊಸತರಲ್ಲಿ ನನ್ನ ತರಗತಿಯ ಹುಡುಗನೊಬ್ಬನ ಮೊಣಕೈಯ ಮೇಲೆ ಸ್ಪರ್ಶಜ್ಞಾನವಿಲ್ಲದ ಬಿಳಿಚಿದ ಮಚ್ಚೆ ಕಾಣಿಸಿತು. ಔಷಧವು ಆಗಲೇ ಬಂದಿತ್ತು, ವೈದ್ಯರೂ ಭಯವಿಲ್ಲವೆಂದಿದ್ದರು. ಆದರೂ ನಾನು ಅವನನ್ನು ಕಿಟಕಿಯ ಬಳಿ ಬೇರೆಯಾಗಿ ಕುಳ್ಳಿರಿಸಿದೆನು. ಅಂದು ತರಗತಿಯಲ್ಲಿ ನಡೆಯುತ್ತಿದ್ದುದು ರಂತಿದೇವನ ಪಾಠವೇ. ಮರುವಾರದಿಂದ ಹುಡುಗನು ಶಾಲೆಗೆ ಬರಲಿಲ್ಲ. ಅವನ ರೋಗವು ಗುಣವಾಯಿತೆಂದು ಆಮೇಲೆ ಕೇಳಿದೆನು. ಓದು ಮಾತ್ರ ಅಲ್ಲಿಗೇ ನಿಂತಿತು. ‘ನಾವು’ ಎಂಬ ಶಬ್ದದ ರೂಪಗಳನ್ನು ನೂರಾರು ಮಕ್ಕಳಿಂದ ಒಪ್ಪಿಸಿಕೊಂಡವನು ನಾನು. ಅದರ ಅರ್ಥವನ್ನು ಮೊಲೊಕಾಯಿಯ ಒರಟ ಪಾದ್ರಿಯಿಂದ ಬಹಳ ತಡವಾಗಿ ಕಲಿತೆನೆಂದು ವಾಚಕರಲ್ಲಿ ಅರಿಕೆಮಾಡಿಕೊಂಡು ವಿರಮಿಸುವೆನು.