ಹಿತ್ತಲ ಓಣಿಗೆ ಗೇಟ್ ಹಾಕ್ತಾರಂತೆ, ನಿಮಗೆ ಸುದ್ದಿ ಬಂತಾ?

ನಮಸ್ಕಾರ. ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿರೋರಿಗೆ, ಬಸ್ ಕಾಯ್ತಾ ಇರೋರಿಗೆ, ರಾತ್ರಿ ಪಾತ್ರೆ ತೊಳೀತಾ ಇಯರ್‌ಫೋನ್ ಹಾಕ್ಕೊಂಡಿರೋರಿಗೆ, ಎಲ್ಲರಿಗೂ. ಇವತ್ತಿನ ಇತಿಹಾಸದ ಕಥೆ ಶುರುವಾಗೋದು ಒಂದು ವಾಟ್ಸ್‌ಆ್ಯಪ್ ಮೆಸೇಜ್‌ನಿಂದ.

ನಾನಿರೋದು ಬೆಂಗಳೂರಿನ ಒಂದು ಹಳೇ ಬಡಾವಣೆಯಲ್ಲಿ, ಬಾಡಿಗೆ ಮನೆಯಲ್ಲಿ. ಕೆಲವು ತಿಂಗಳ ಹಿಂದೆ ಮನೆ ಓನರ್ ಆಂಟಿ ಒಂದು ಮೆಸೇಜ್ ಫಾರ್ವರ್ಡ್ ಮಾಡಿದ್ರು. ಏರಿಯಾದ ನಿವಾಸಿಗಳ ಸಂಘದ ಪ್ರಕಟಣೆ. ನಮ್ಮ ಮನೆಗಳ ಹಿಂದಿರೋ ಕನ್ಸರ್ವೆನ್ಸಿ ಲೇನ್‌ಗೆ ಭದ್ರತೆಯ ದೃಷ್ಟಿಯಿಂದ ಗೇಟ್ ಹಾಕಿ ಬೀಗ ಹಾಕ್ತಾರೆ, ಇದಕ್ಕೆ ಎಲ್ಲ ನಿವಾಸಿಗಳ ಒಪ್ಪಿಗೆ ಇದೆ, ಅಂತ.

ನನ್ನ ಒಪ್ಪಿಗೆ ಯಾರೂ ಕೇಳಿರಲಿಲ್ಲ. ಕೇಳೋದಕ್ಕೆ ನಾನು ಆ ಗ್ರೂಪ್‌ನಲ್ಲೇ ಇಲ್ಲ. ಅದು ಓನರ್ಸ್ ಗ್ರೂಪ್. ಸರಿ, ನನಗಾದ್ರೂ ಆಂಟಿ ಕಳಿಸಿದ್ರು. ಆ ಓಣಿಯ ಬಾಯಲ್ಲಿ ವರ್ಷಗಳಿಂದ ಇಸ್ತ್ರಿ ಗಾಡಿ ಇಟ್ಕೊಂಡಿರೋ ಅಣ್ಣನಿಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಕಸ ಗುಡಿಸಿ ಹತ್ತು ಗಂಟೆಗೆ ಅದೇ ಓಣಿಯ ನೆರಳಲ್ಲಿ ತಿಂಡಿ ಡಬ್ಬಿ ಬಿಚ್ಚೋ ಪೌರಕಾರ್ಮಿಕ ಅಕ್ಕಂದಿರಿಗೂ ಗೊತ್ತಿರಲಿಲ್ಲ. ನಾನು ಹೋಗಿ ಹೇಳಿದಾಗ ಒಬ್ಬರು ನಕ್ಕು, "ನಮಗ್ಯಾರು ಹೇಳ್ತಾರೆ ಬಿಡಪ್ಪ" ಅಂದ್ರು.

ಆ ಮಾತು ತಲೆಯಲ್ಲಿ ಕೂತುಬಿಡ್ತು. ಈ ಓಣಿ ಇಲ್ಲಿ ಯಾಕಿದೆ, ಇದನ್ನ ಯಾರಿಗಾಗಿ ಮಾಡಿದ್ರು ಅಂತ ಹುಡುಕ್ತಾ ಹೋದೆ. ಹಾಗೆ ಹೋಗಿ ತಲುಪಿದ್ದು 1898ಕ್ಕೆ.

ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಎರಡು ವರ್ಷ ಮೊದಲೇ, 1896ರಲ್ಲಿ, ಬೊಂಬಾಯಿಯಲ್ಲಿ ಕಾಣಿಸಿಕೊಂಡಿದ್ದ ರೋಗ ರೈಲು ಹಿಡಿದು ಹುಬ್ಬಳ್ಳಿ ಕಡೆಯಿಂದ ಇಲ್ಲಿಗೂ ಬಂತು. ಆಗ ಮೈಸೂರು ಸಂಸ್ಥಾನದಲ್ಲಿ ಶೇಷಾದ್ರಿ ಅಯ್ಯರ್ ದಿವಾನರು. ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಚಿಕ್ಕವರು, ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿ ರಾಜ್ಯ ನೋಡಿಕೊಳ್ತಿದ್ರು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವಿರಾರು ಜನ ಸತ್ತರು. ಬದುಕಿದವರು ಮನೆಗೆ ಬೀಗ ಹಾಕಿ ಊರಾಚೆ ಬಯಲಲ್ಲಿ ಗುಡಿಸಲು ಹಾಕ್ಕೊಂಡು ಕೂತರು.

ಪ್ಲೇಗ್ ಹೇಗೆ ಹರಡುತ್ತೆ ಅಂತ ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ಬರುತ್ತೆ ಅಂತ ಪಾಲ್ ಲೂಯಿ ಸಿಮೊಂ ಅನ್ನೋ ಫ್ರೆಂಚ್ ವಿಜ್ಞಾನಿ ಕರಾಚಿಯಲ್ಲಿ ಪ್ರಯೋಗ ಮಾಡಿ ಹೇಳಿದ್ದು ಅದೇ 1898ರಲ್ಲಿ. ಆದ್ರೆ ಜಗತ್ತು ಅದನ್ನ ಒಪ್ಪೋಕೆ ಇನ್ನೂ ಎಷ್ಟೋ ವರ್ಷ ಬೇಕಾಯ್ತು. ಆಗಿನ ಅಧಿಕಾರಿಗಳ ಲೆಕ್ಕದಲ್ಲಿ ಶತ್ರುಗಳು ಕೊಳಕು, ಕತ್ತಲು, ಜನಸಂದಣಿ. ಹಾಗಾಗಿ ಮನೆ ಹೊಕ್ಕು ಔಷಧಿ ಸುರಿದರು, ಬಿಸಿಲು ಬೀಳಲಿ ಅಂತ ಹೆಂಚು ತೆಗೆಸಿದರು, ಕಾಯಿಲೆ ಬಂದವರನ್ನ, ಅವರ ಮನೆಯವರನ್ನ ಕ್ಯಾಂಪ್‌ಗಳಿಗೆ ಸಾಗಿಸಿದರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಆ ಕಾಲದಲ್ಲಿ ಸರ್ಕಾರದ ಸುದ್ದಿ ಜನರಿಗೆ ತಲುಪ್ತಾ ಇದ್ದದ್ದು ಹೇಗೆ? ಒಂದು, ಅಚ್ಚಾದ ನೋಟಿಸು. ಅದು ಓದು ಬಂದವರಿಗೆ. ಇನ್ನೊಂದು, ತಮಟೆ ಹೊಡೆದು ಡಂಗುರ ಸಾರೋದು. ಊರಿಗೆಲ್ಲ ಸುದ್ದಿ ಸಾರೋ ಆ ಮನುಷ್ಯ ಇರ್ತಾ ಇದ್ದದ್ದು ಊರಾಚೆ ಕೇರಿಯಲ್ಲಿ. ಸುದ್ದಿ ಅವನ ಬಾಯಿಂದ ಬರ್ತಿತ್ತು, ತೀರ್ಮಾನದಲ್ಲಿ ಅವನ ಪಾಲು ಏನೂ ಇರಲಿಲ್ಲ. ಅವನದ್ದಷ್ಟೇ ಅಲ್ಲ, ಬಹುತೇಕ ಯಾರದ್ದೂ ಇರಲಿಲ್ಲ. 1862ರಲ್ಲಿ ಬೆಂಗಳೂರು ಪೇಟೆಗೆ ಮೊದಲ ಮುನಿಸಿಪಲ್ ಮಂಡಳಿ ಬಂದಾಗ ಅದರಲ್ಲಿದ್ದದ್ದು ಊರಿನ 9 ಮಂದಿ ಗಣ್ಯರು.

ಕೇಳದೆ ಮಾಡಿದ ತೀರ್ಮಾನ ಜನರಿಗೆ ಬರೀ ಆಜ್ಞೆಯಾಗಿ ತಲುಪಿದ್ರೆ ಏನಾಗುತ್ತೋ ಅದೇ ಆಯ್ತು. ಜನ ರೋಗಿಗಳನ್ನ ಬಚ್ಚಿಟ್ಟರು. ಹೆಣಗಳನ್ನೂ ಬಚ್ಚಿಟ್ಟರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ಗಲಭೆಯೇ ಆಯ್ತು. ನೋಟಿಸು ನಂಬದವರು ದೇವಿಯನ್ನ ನಂಬಿದರು. ಬೆಂಗಳೂರಿನ ತ್ಯಾಗರಾಜನಗರದಲ್ಲಿ ಪ್ಲೇಗ್ ಮಾರಿಯಮ್ಮನ ಗುಡಿ ಇವತ್ತಿಗೂ ಇದೆ. ಆ ಕಡೆ ಹೋದಾಗ ನೋಡಿ.

ಸರ್ಕಾರ ಕಂಡುಕೊಂಡ ದೊಡ್ಡ ಪರಿಹಾರ ಹೊಸ ಬಡಾವಣೆ. ಮಲ್ಲೇಶ್ವರ, ಬಸವನಗುಡಿ ಎರಡಕ್ಕೂ ವೇಗ ಬಂದದ್ದು ಈ ಪ್ಲೇಗಿನಿಂದ. ನೇರ ರಸ್ತೆ, ಗಾಳಿ ಬೆಳಕು, ಮನೆ ಸುತ್ತ ಜಾಗ, ಪಾರ್ಕು. ಆಮೇಲೆ ದಂಡು ಪ್ರದೇಶದಲ್ಲಿ ಫ್ರೇಜರ್ ಟೌನ್ ಕೂಡ ಇದೇ ಲೆಕ್ಕಾಚಾರದಲ್ಲಿ ಬಂತು. ನಾವಿವತ್ತು ಹಳೇ ಬೆಂಗಳೂರು ಎಷ್ಟು ಚೆಂದ ಅಂತ ಫೋಟೋ ಹಾಕ್ತೀವಲ್ಲ, ಆ ಚೆಂದದ ಹಿಂದೆ ಒಂದು ಸಾಂಕ್ರಾಮಿಕದ ಭಯ ಇದೆ.

ಅದರ ಜೊತೆಗೆ ಇನ್ನೂ ಎರಡು ಸಂಗತಿ ಇವೆ. ಫೋಟೋದಲ್ಲಿ ಅವು ಕಾಣಲ್ಲ. ಮೊದಲನೆಯದು, ಈ ಬಡಾವಣೆಗಳ ಮೂಲ ಯೋಜನೆಯಲ್ಲಿ ಬ್ಲಾಕ್‌ಗಳನ್ನ ಜಾತಿ, ಧರ್ಮ ನೋಡಿ ವಿಂಗಡಿಸಿದ್ರು. ಯಾರ ಪಕ್ಕ ಯಾರಿರಬೇಕು ಅನ್ನೋದು ನಕ್ಷೆಯಲ್ಲೇ ತೀರ್ಮಾನವಾಗಿತ್ತು. ಎರಡನೆಯದೇ ನಮ್ಮ ಓಣಿ. ಆಗ ಒಳಚರಂಡಿ ಇರಲಿಲ್ಲ. ಮನೆಯ ಪಾಯಿಖಾನೆ ಹಿತ್ತಲ ತುದಿಯಲ್ಲಿ. ಎರಡು ಸಾಲು ಮನೆಗಳ ಬೆನ್ನ ನಡುವೆ ಸಣ್ಣ ದಾರಿ ಬಿಟ್ಟಿದ್ದು ಮಲ ಎತ್ತೋರು ಬಂದು ಹೋಗೋದಕ್ಕೆ, ಮುಂದಿನ ರಸ್ತೆಯಲ್ಲಿ ಅವರು ಕಾಣದೇ ಇರೋ ಹಾಗೆ. ಅದೇ ಕನ್ಸರ್ವೆನ್ಸಿ ಲೇನ್. ಊರನ್ನ ಪ್ಲೇಗಿನಿಂದ ಕಾಪಾಡೋ ಕೆಲಸದಲ್ಲಿ ಅತಿ ಕಷ್ಟದ ಪಾಲು ಅವರದ್ದು, ಅವರಿಗೆ ಸಿಕ್ಕ ದಾರಿ ಹಿಂದಿನದು.

1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನ ನಿಷೇಧಿಸಿದರು. ಒಳಚರಂಡಿ ಬಂತು. ಓಣಿಗಳಿಗೆ ಮೊದಲಿದ್ದ ಕೆಲಸ ತಪ್ಪಿತು. ಕೆಲವು ಒತ್ತುವರಿಯಾದವು, ಕೆಲವು ಪಾರ್ಕಿಂಗ್ ಆದವು, ಕೆಲವು ಕಸದ ತಿಪ್ಪೆಯಾದವು. ಮಲ್ಲೇಶ್ವರದಲ್ಲಿ ಕೆಲವನ್ನ ನಿವಾಸಿಗಳೇ ಸೇರಿ ಶುಚಿ ಮಾಡಿ, ಗೋಡೆಗೆ ಬಣ್ಣ ಹಚ್ಚಿ, ನಡೆದಾಡೋ ದಾರಿ ಮಾಡಿದ್ದಾರೆ. ಇನ್ನು ಕೆಲವು ಕಡೆ ಗೇಟ್ ಬಿದ್ದಿವೆ.

ಈಗ ಸಂಘಗಳ ವಿಷಯಕ್ಕೆ ಬರೋಣ. ನಾನು ಸಂಘಗಳ ವಿರೋಧಿ ಅಲ್ಲ. ಬೀದಿದೀಪ ಕೆಟ್ಟರೆ, ನೀರು ನಿಂತರೆ, ಮರ ಕಡಿಯೋಕೆ ಬಂದರೆ ಫೋನ್ ಮಾಡೋರು ಅವರೇ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ 7 ಜನ ಸೇರಿದ್ರೆ ಒಂದು ಸಂಘ ನೋಂದಾಯಿಸಬಹುದು. ಪ್ರಜಾಪ್ರಭುತ್ವದಲ್ಲಿ ಅದೊಂದು ಒಳ್ಳೆ ಸೌಲಭ್ಯ. ತೊಂದರೆ ಬರೋದು ಆ ಸಂಘ ತಾನೇ ಇಡೀ ಏರಿಯಾ ಅಂದುಕೊಂಡಾಗ.

ಕಾನೂನು ಹಾಗೆ ಅಂದುಕೊಂಡಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತು. ಕರ್ನಾಟಕದ ಪಾಲಿಕೆ ಕಾಯ್ದೆಗೆ 2011ರಲ್ಲಿ ಬಂದ ತಿದ್ದುಪಡಿ ಆ ಸಮಿತಿಯ ಲೆಕ್ಕ ಕೊಡ್ತು: ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ 10 ಸದಸ್ಯರು. ಅದರಲ್ಲಿ ಕನಿಷ್ಠ 3 ಮಹಿಳೆಯರು, ಕನಿಷ್ಠ 2 ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಕನಿಷ್ಠ 2 ನಿವಾಸಿಗಳ ಸಂಘದವರು. ಗಮನಿಸಿ, ಸಂಘಕ್ಕೆ ಕುರ್ಚಿ ಖಂಡಿತ ಇದೆ. ಹತ್ತಕ್ಕೆ ಹತ್ತೂ ಅವರದ್ದೇ ಆಗಲಿ ಅಂತ ಮಾತ್ರ ಕಾಯ್ದೆ ಹೇಳಿಲ್ಲ.

ಆದ್ರೆ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕಾರ್ಪೊರೇಟರ್‌ಗಳ ಅವಧಿ ಮುಗೀತು. ಚುನಾವಣೆ ಆಗಲಿಲ್ಲ. ವರ್ಷಗಟ್ಟಲೆ ಊರಿಗೆ ಕಾರ್ಪೊರೇಟರೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ 5 ಪಾಲಿಕೆಗಳು ಬಂದವು. ಅಲ್ಲೀವರೆಗೂ ಏರಿಯಾದ ದೂರು, ಸುದ್ದಿ, ತೀರ್ಮಾನ ಎಲ್ಲ ಎಲ್ಲಿಗೆ ಬಂತು? ವಾಟ್ಸ್‌ಆ್ಯಪ್ ಗ್ರೂಪ್‌ಗೆ. ಯಾರೂ ಪಿತೂರಿ ಮಾಡಿ ತಂದದ್ದಲ್ಲ. ಜಾಗ ಖಾಲಿ ಇತ್ತು, ಫೋನ್ ಇದ್ದವರು ತುಂಬಿದರು. ಗ್ರೂಪ್‌ಗೆ ಅಡ್ಮಿನ್ ಇರ್ತಾರೆ, ಮತದಾರರ ಪಟ್ಟಿ ಇರಲ್ಲ.

ಗ್ರೂಪ್‌ನಾಚೆ ಇರೋರ ಮಾತು ಕೇಳದಿದ್ರೆ ಏನಾಗುತ್ತೆ ಅಂತ ನಾವು 2012ರಲ್ಲೇ ನೋಡಿದ್ದೀವಿ. ಬೆಂಗಳೂರಿನ ಕಸವನ್ನ ವರ್ಷಗಳ ಕಾಲ ಮಾವಳ್ಳಿಪುರಕ್ಕೆ ಸುರಿದರು. ಆ ವರ್ಷ ಊರಿನವರು ಸಾಕು ಅಂದ್ರು, ಲಾರಿಗಳು ನಿಂತವು, ನಗರದ ಬೀದಿ ಬೀದಿಯಲ್ಲಿ ಕಸ ಕೊಳೀತು. ಆಮೇಲೆ ಮಂಡೂರಿನವರೂ ಹೋರಾಡಿದರು, 2014ರ ಕೊನೆಗೆ ಅಲ್ಲಿಗೂ ಕಸ ಹೋಗೋದು ನಿಂತಿತು. ಇವತ್ತು ನಿಮ್ಮ ಮನೆಯಲ್ಲಿ ಹಸಿ ಕಸ ಬೇರೆ, ಒಣ ಕಸ ಬೇರೆ ಇಡ್ತೀರಲ್ಲ, ಆ ಪಾಠ ನಮಗೆ ಕಲಿಸಿದ್ದರಲ್ಲಿ ಆ ಹಳ್ಳಿಯವರ ಪಾಲು ದೊಡ್ಡದು.

ಸರಿ, ನಮ್ಮ ಗೇಟ್ ಏನಾಯ್ತು?

ಸಂಘದ ಕಾರ್ಯದರ್ಶಿಗಳ ಮನೆಗೆ ಹೋದೆ. ವಯಸ್ಸಾದವರು, ಒಳ್ಳೆ ಮನುಷ್ಯರು. ಕಾಫಿ ಕೊಟ್ಟರು. ಓಣಿಯಿಂದ ಎರಡು ಬೈಕ್ ಕಳುವಾಗಿತ್ತು, ರಾತ್ರಿ ಕುಡಿಯೋರ ಕಾಟ ಇತ್ತು, ಒಂಟಿಯಾಗಿರೋ ಅಜ್ಜಿಯರು ಹೆದರಿದ್ರು. ಅದೂ ನಿಜವೇ. ನಾನು ಕೇಳಿದ್ದು ಇಷ್ಟೇ: "ಸಾರ್, ಓಣಿ ಪಾಲಿಕೆಯದ್ದು, ನಾವಾಗಿ ಬೀಗ ಹಾಕೋಕಾಗಲ್ಲ. ಅದಿರಲಿ, ಅದನ್ನ ದಿನಾ ಬಳಸೋರಿಗೆ ಒಂದು ಮಾತು ಹೇಳಿದ್ವಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗ್ರೂಪ್‌ನಲ್ಲಿ ಹಾಕಿದ್ವಲ್ಲ" ಅಂದ್ರು. ಹೇಳಿದ ಮೇಲೆ ಅವರಿಗೇ ನಗು ಬಂತು.

ಮುಂದಿನ ವಾರದ ಮೀಟಿಂಗ್‌ಗೆ ದೊಡ್ಡ ಅಕ್ಷರದ ಕನ್ನಡ ನೋಟಿಸ್ ಬರೆದು ಓಣಿಯ ಎರಡೂ ತುದಿಗೆ ಅಂಟಿಸಿದೆ. ಓದೋಕೆ ಬರದವರಿಗೆ ಇಸ್ತ್ರಿ ಅಣ್ಣ ಬಾಯಲ್ಲೇ ಹೇಳಿದ್ರು. ಮೀಟಿಂಗ್‌ಗೆ ಅವರು ಬಂದ್ರು, ಇಬ್ಬರು ಪೌರಕಾರ್ಮಿಕ ಅಕ್ಕಂದಿರು ಬಂದ್ರು, ನನ್ನಂಥ ಐದಾರು ಬಾಡಿಗೆದಾರರು ಬಂದ್ರು. ಮೊದಲು ಅವರು ಗೋಡೆ ಪಕ್ಕ ನಿಂತೇ ಇದ್ರು. ಓನರ್ ಆಂಟಿ ಎದ್ದು ಹೋಗಿ ಕುರ್ಚಿ ತಂದು ಹಾಕಿದ್ರು. ಕೊನೆಗೆ ಒಪ್ಪಿದ್ದು ಗೇಟ್ ಅಲ್ಲ, ಎರಡು ದೀಪ. ಪಾಲಿಕೆಗೆ ಅರ್ಜಿ ಕೊಟ್ಟೆವು. ಒಂದು ದೀಪ ಬಂದಿದೆ, ಇನ್ನೊಂದಕ್ಕೆ ಕಾಯ್ತಾ ಇದ್ದೀವಿ. ಬೀಗದ ಮಾತು ಪೂರ್ತಿ ನಿಂತಿಲ್ಲ, ಮುಂದೆ ಮತ್ತೆ ಬರಬಹುದು. ಬಂದರೆ ಮತ್ತೆ ಕೂತು ಮಾತಾಡ್ತೀವಿ.

ಈ ಎಪಿಸೋಡ್ ಮುಗಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಏರಿಯಾದ ಗ್ರೂಪ್ ತೆಗೆದು ಕೊನೇ ಪ್ರಕಟಣೆ ಓದಿ. ಆಮೇಲೆ ನಿಮ್ಮ ಬೀದಿಯಲ್ಲಿ ದಿನಾ ಕಾಣೋರನ್ನ ನೆನಪು ಮಾಡ್ಕೊಳ್ಳಿ: ಸೆಕ್ಯುರಿಟಿ ತಾತ, ಮನೆಕೆಲಸದ ಅಕ್ಕ, ಹೂವಿನವರು, ಪಿಜಿ ಹುಡುಗರು. ಆ ಸುದ್ದಿ ಇವರಲ್ಲಿ ಯಾರಿಗೆ ತಲುಪಿಲ್ಲ? ಒಬ್ಬರಿಗಾದ್ರೂ ಹೋಗಿ ಹೇಳಿ. ಅವರು ಏನಂದ್ರು ಅಂತ ನನಗೂ ವಾಯ್ಸ್ ನೋಟ್ ಕಳಿಸಿ.

ಮುಂದಿನ ವಾರ ಸಿಗೋಣ. ನಮಸ್ಕಾರ.