ಟೊಯೋಟಾ ಕಿರ್ಲೋಸ್ಕರ್ ಮೋಟಾರ್

ಜಪಾನಿನ ಟೊಯೋಟಾ ಮೋಟಾರ್ ಕಾರ್ಪೊರೇಷನ್ ಮತ್ತು ಕಿರ್ಲೋಸ್ಕರ್ ಮನೆತನದ ಒಂದು ಕವಲು ಸೇರಿ 1997ರ ಅಕ್ಟೋಬರಿನಲ್ಲಿ ಸ್ಥಾಪಿಸಿದ ಕಾರು ಕಂಪನಿ. ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಲ್ಲಿ 432 ಎಕರೆಯಲ್ಲಿ ಇದರ ಕಾರ್ಖಾನೆ ಇದೆ. ಬಂಡವಾಳದಲ್ಲಿ ಟೊಯೋಟಾದ ಪಾಲು ಶೇ. 89, ಕಿರ್ಲೋಸ್ಕರ್ ಪಾಲು ಶೇ. 11. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಗೆ ಈ ಜೋಡಿ ಹೆಸರಿನ ಎರಡನೆಯ ಪದ ಮೊದಲೇ ಪರಿಚಿತ. ತೋಟದ ಬಾವಿ, ಬೋರ್‌ವೆಲ್‌ಗಳಿಗೆ ಕೂಡಿಸಿದ ಮೋಟರಿನ ಮೇಲೆ ಅದು ಎಷ್ಟೋ ವರ್ಷದಿಂದ ಇತ್ತು. ಮೊದಲ ಪದ ಊರೊಳಗೆ ಬಂದದ್ದು 2000ದ ನಂತರ, ಕ್ವಾಲಿಸ್ ಮೇಲೆ ಕೂತು.

ಮಗ್ಗದ ಮನೆ. ಟೊಯೋಟಾದ ಮೂಲ ಕಾರಲ್ಲ, ಮಗ್ಗ. ಬಡಗಿಯ ಮಗ ಸಕಿಚಿ ಟೊಯೋಡಾ ಬದುಕಿಡೀ ಮಗ್ಗ ಸುಧಾರಿಸುವುದರಲ್ಲೇ ಕಳೆದ. 1924ರಲ್ಲಿ ಅವನು ಮುಗಿಸಿದ ಸ್ವಯಂಚಾಲಿತ ಮಗ್ಗ ಓಡುತ್ತಿರುವಾಗಲೇ ಲಾಳಿ ಬದಲಿಸಿಕೊಳ್ಳುತ್ತಿತ್ತು. ಹಾಸಿನ ಒಂದು ಎಳೆ ಕಡಿದರೂ ತಾನಾಗಿ ನಿಂತುಬಿಡುತ್ತಿತ್ತು. ಹಾಗಾಗಿ ಎಳೆ ಕಡಿದ ಬಟ್ಟೆ ಗಜಗಟ್ಟಲೆ ಹಾಳಾಗುತ್ತಿರಲಿಲ್ಲ, ಒಬ್ಬನೇ ಹತ್ತಾರು ಮಗ್ಗ ನೋಡಿಕೊಳ್ಳಬಹುದಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಇದರ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಂಡಿತು. ಸಕಿಚಿಯ ಮಗ ಕಿಚಿರೋ 1933ರಲ್ಲಿ ಮಗ್ಗದ ಕಾರ್ಖಾನೆಯಲ್ಲೇ ವಾಹನ ವಿಭಾಗ ತೆರೆದ. 1936ರಲ್ಲಿ ಮೊದಲ ಕಾರು ಎಎ ಮಾರುಕಟ್ಟೆಗೆ ಬಂತು, 1937ರಲ್ಲಿ ಕಂಪನಿ ಬೇರೆಯಾಯಿತು. 1950ರ ಹಣದ ಮುಗ್ಗಟ್ಟಿನಲ್ಲಿ ಕಾರ್ಮಿಕರನ್ನು ಮನೆಗೆ ಕಳಿಸಬೇಕಾಗಿ ಬಂದಾಗ ಕಿಚಿರೋ ತಾನೂ ಅಧ್ಯಕ್ಷ ಸ್ಥಾನ ಬಿಟ್ಟ. ಕಂಪನಿಯನ್ನು ಮೇಲೆತ್ತಿದ್ದು ಕೊರಿಯಾ ಯುದ್ಧಕ್ಕೆ ಬಂದ ಲಾರಿಗಳ ಬೇಡಿಕೆ.

ಟೊಯೋಟಾದ ಉತ್ಪಾದನಾ ಪದ್ಧತಿಗೆ ಹೆಸರಾದ ತೈಚಿ ಓನೋ ಕೂಡ ನೂಲಿನ ಗಿರಣಿಯಿಂದ ಬಂದವನೇ. ತಪ್ಪು ಕಂಡ ಕೂಡಲೇ ಕೆಲಸ ನಿಲ್ಲಬೇಕು ಎಂಬ ಮಗ್ಗದ ನಿಯಮವೇ ಕಾರು ಜೋಡಿಸುವ ಸಾಲಿಗೂ ಬಂತು: ಯಾವ ಕೆಲಸಗಾರನಾದರೂ ಹಗ್ಗ ಎಳೆದು ಮೇಲ್ವಿಚಾರಕನನ್ನು ಕರೆಯಬಹುದು, ದೋಷ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಬಿಡದಿಯ ಕಾರ್ಖಾನೆಯೂ ಇದೇ ಪದ್ಧತಿಯದು.

ಕರ್ನಾಟಕಕ್ಕೆ ಬಂದ ದಾರಿ. ಭಾರತದಲ್ಲಿ ಟೊಯೋಟಾ 1980ರ ದಶಕದಲ್ಲೇ ಡಿಸಿಎಂ ಕಂಪನಿಯ ಜೊತೆಗೂಡಿ ಉತ್ತರ ಪ್ರದೇಶದಲ್ಲಿ ಲಘು ಲಾರಿ ಮಾಡಿತ್ತು. ಆ ನಂಟು ಬಾಳಲಿಲ್ಲ. ಎರಡನೆಯ ಸಲ ಅದು ಹಿಡಿದದ್ದು ಕಿರ್ಲೋಸ್ಕರ್ ಕೈ. ಈ ಮನೆತನದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿ ಬೆಳೆದವರು. ಮುಂದೆ ಹರಿಹರದ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇದೇ ಮನೆತನದಿಂದ ಬಂದವು.

ನಾಲ್ಕನೆಯ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ಟೊಯೋಟಾ ಬಳಗದೊಡನೆ ಮೊದಲು ಮಾಡಿಕೊಂಡ ಒಪ್ಪಂದ ಕಾರಿನದಲ್ಲ. 1995ರಲ್ಲಿ ಹುಟ್ಟಿದ ಆ ಪಾಲುದಾರಿಕೆ, ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿ, ನೂಲು ತೆಗೆಯುವ ಯಂತ್ರ ಮಾಡುವುದಕ್ಕೆ. ಕಾರು ಬಂದದ್ದು ಅದರ ಬೆನ್ನಿಗೆ. ಕಂಪನಿಯ ಚರಿತ್ರೆ ಬರೆಯುವವರು ಬಿಡದಿಯಿಂದ ಶುರುಮಾಡುತ್ತಾರೆ. ಜಿಗಣಿಯಿಂದ ಶುರುಮಾಡುವುದೇ ಸರಿ. ಅದೇ ಕಾರ್ಖಾನೆ ಮುಂದೆ ಹೆಸರು ಬದಲಿಸಿಕೊಂಡು ಇನ್ನೋವಾ ಕ್ರಿಸ್ಟಾಗೆ ಡೀಸೆಲ್ ಎಂಜಿನ್ ಮಾಡತೊಡಗಿತು.

ಕ್ವಾಲಿಸ್, ಇನ್ನೋವಾ. ಬಿಡದಿಯಲ್ಲಿ ಉತ್ಪಾದನೆ 1999ರ ಕೊನೆಯಲ್ಲಿ ಆರಂಭವಾಗಿ, 2000ದ ಜನವರಿಯಲ್ಲಿ ಕ್ವಾಲಿಸ್ ಮಾರಾಟಕ್ಕೆ ಬಂತು. ಅದು ಇಂಡೋನೇಷ್ಯಾದ ಕಿಜಾಂಗ್ ಗಾಡಿಯ ಭಾರತೀಯ ರೂಪ. ರೂಪ ಹಳೆಯದೆಂದು ಮೂಗು ಮುರಿದವರು ಬಹಳ. ಆದರೆ ಟ್ರಾಕ್ಸ್, ಸುಮೋಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದವರಿಗೆ ಎಂಜಿನ್ನಿನ ಸದ್ದು ಕಡಿಮೆ, ಸೀಟು ಮೆತ್ತಗೆ, ದಾರಿಯಲ್ಲಿ ಕೈಕೊಡದ ಗಾಡಿ ಸಿಕ್ಕಿತು. ಹೆಣ್ಣು ನೋಡಲು, ಧರ್ಮಸ್ಥಳಕ್ಕೆ, ತಿರುಪತಿಗೆ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹೊರಡುವ ಸೀಮೆಗೆ ಅದು ಹೇಳಿ ಮಾಡಿಸಿದಂತಿತ್ತು. ಬೆಂಗಳೂರಿನ ಕಾಲ್ ಸೆಂಟರ್‌ಗಳು ರಾತ್ರಿ ಪಾಳಿಯವರನ್ನು ಸಾಗಿಸಿದ್ದೂ ಇದರಲ್ಲೇ. ಮಾರಾಟ ಚೆನ್ನಾಗಿರುವಾಗಲೇ ಕಂಪನಿ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದಿತು. ದಿಟ್ಟ ನಿರ್ಧಾರ, ಫಲಿಸಿತು. 2009ರಲ್ಲಿ ಫಾರ್ಚೂನರ್ ಬಂತು.

ಸಣ್ಣ ಕಾರಿನಲ್ಲಿ ಆ ಅದೃಷ್ಟ ಇರಲಿಲ್ಲ. ಭಾರತಕ್ಕೆಂದೇ ರೂಪಿಸಿದ ಇಟಿಯಾಸ್ 2010ರ ಡಿಸೆಂಬರಿನಲ್ಲಿ ಬಂದು, ಟ್ಯಾಕ್ಸಿಯಾಗಿ ಹೆಸರು ಮಾಡಿ, 2020ರಲ್ಲಿ ನಿಂತಿತು. ಆ ಜಾಗವನ್ನು ಟೊಯೋಟಾ ಸುಜುಕಿಯ ಕಾರುಗಳಿಗೆ ತನ್ನ ಲಾಂಛನ ಹಾಕಿ ತುಂಬಿಕೊಂಡಿದೆ. 2019ರ ಗ್ಲಾಂಜಾ ಎಂದರೆ ಸುಜುಕಿಯ ಬಲೆನೋವೇ.

ಇನ್ನೋವಾ ಮಾತ್ರ ಹಳ್ಳಿಗಳಲ್ಲಿ ಅಂತಸ್ತಿನ ಗುರುತಾಯಿತು. ಅದರ ತೂಕವನ್ನು ತೆಂಗಿನ ಸೀಮೆಯ ಅಳತೆಯಲ್ಲೇ ಹೇಳಬಹುದು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇತ್ತು. ಇನ್ನೋವಾದ ಕ್ರಿಸ್ಟಾ ಮಾದರಿಯ ಆರಂಭಿಕ ಬೆಲೆ ಆಗ ಸುಮಾರು 20 ಲಕ್ಷ. ಅಂದರೆ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಸುಲಿದು, ತಿಪಟೂರು ಎಪಿಎಂಸಿಗೆ ಸಾಗಿಸಿದ 166 ಕ್ವಿಂಟಲಿಗೂ ಹೆಚ್ಚು ಕೊಬ್ಬರಿ, ಅದೂ ತೋಟದ ಖರ್ಚು ಕಳೆಯದೆ.

ಕಾರ್ಮಿಕರು, ತರಬೇತಿ. ಎಳೆ ಕಡಿದರೆ ನಿಲ್ಲುವ ಪದ್ಧತಿಯ ಕಾರ್ಖಾನೆ ಮನುಷ್ಯರ ಕಾರಣಕ್ಕೂ ನಿಂತಿದೆ. 2006ರ ಜನವರಿಯಲ್ಲಿ ಕಾರ್ಮಿಕರ ವಜಾ ಕಾರಣವಾಗಿ ಮುಷ್ಕರ, ಬೀಗಮುದ್ರೆ. 2014ರ ಮಾರ್ಚಿನಲ್ಲಿ ವೇತನ ಮಾತುಕತೆ ಮುರಿದು ಮತ್ತೆ ಬೀಗಮುದ್ರೆ. 2020ರ ನವೆಂಬರಿನದು ಎಲ್ಲಕ್ಕಿಂತ ದೀರ್ಘ: ಕಾರ್ಮಿಕ ಮುಖಂಡನ ಅಮಾನತಿನಿಂದ ಹೊತ್ತಿಕೊಂಡು, ಸರ್ಕಾರ ಮುಷ್ಕರ, ಬೀಗಮುದ್ರೆ ಎರಡನ್ನೂ ನಿಷೇಧಿಸಿದರೂ ಆರದೆ, 2021ರವರೆಗೆ ಎಳೆಯಿತು. ಕೆಲಸದ ವೇಗ ಹೆಚ್ಚಾಯಿತು ಎಂಬುದು ಸಂಘದ ದೂರು. ಶಿಸ್ತಿನ ಉಲ್ಲಂಘನೆ ಎಂಬುದು ಕಂಪನಿಯ ಮಾತು.

ಇದೇ ಆವರಣದಲ್ಲಿ 2007ರಿಂದ ತಾಂತ್ರಿಕ ತರಬೇತಿ ಸಂಸ್ಥೆಯೊಂದಿದೆ. ಹತ್ತನೆಯ ತರಗತಿ ಮುಗಿಸಿದ, ಹಳ್ಳಿಯ ಬಡ ಮನೆಗಳ ಮಕ್ಕಳಿಗೆ ಅಲ್ಲಿ ಊಟ, ವಸತಿಯೊಡನೆ ಮೂರು ವರ್ಷದ ಕಲಿಕೆ.

ಈಚಿನ ವರ್ಷಗಳು. ಕಂಪನಿಯ ಉಪಾಧ್ಯಕ್ಷರಾಗಿದ್ದ ವಿಕ್ರಮ್ ಕಿರ್ಲೋಸ್ಕರ್ 2022ರ ನವೆಂಬರ್ 29ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ತಿಂಗಳು ಪೆಟ್ರೋಲ್ ಮತ್ತು ಬ್ಯಾಟರಿ ಎರಡರಿಂದಲೂ ಓಡುವ ಇನ್ನೋವಾ ಹೈಕ್ರಾಸ್ ಅನಾವರಣಗೊಂಡಿತ್ತು. 2023ರ ನವೆಂಬರಿನಲ್ಲಿ ಮೂರನೆಯ ಘಟಕಕ್ಕಾಗಿ 3,300 ಕೋಟಿ ರೂಪಾಯಿ ಹೂಡುವ ಒಪ್ಪಂದಕ್ಕೆ ರಾಜ್ಯ ಸರ್ಕಾರದೊಡನೆ ಸಹಿ ಬಿತ್ತು. ಹೈಕ್ರಾಸ್ ಬಂದ ಮೇಲೆ ಡೀಸೆಲ್ ಇನ್ನೋವಾ ಹೋಯಿತೆಂದೇ ಎಲ್ಲರೂ ತಿಳಿದಿದ್ದರು. ಆದರೆ ಬಾಡಿಗೆ ಗಾಡಿಯವರು, ದೂರದ ಓಡಾಟದವರು ಡೀಸೆಲ್ ಬಿಡಲು ಒಪ್ಪಲಿಲ್ಲ. 2023ರ ಆರಂಭದಲ್ಲಿ ಕಂಪನಿ ಡೀಸೆಲ್ ಕ್ರಿಸ್ಟಾದ ಬುಕಿಂಗನ್ನು ಮತ್ತೆ ತೆರೆಯಿತು, ಕೈಯಲ್ಲಿ ಗೇರ್ ಹಾಕುವ ಮಾದರಿ ಮಾತ್ರ.